ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ವಯಸ್ಸು 38. ಆರು ತಿಂಗಳಿಂದ ಥೈರಾಯ್ಡ್‌ಗೆ 50 ಮೈಕ್ರೋಗ್ರಾಂ ಮಾತ್ರೆ ತಗೊಳ್ಳುತ್ತಿದ್ದೇನೆ. ಟಿಎಸ್‌ಎಚ್ ಮೊದಲು 16 ಇತ್ತು, ಮೊನ್ನೆ 14. ಸುಸ್ತು, ಕೂದಲು ಉದುರುವುದು ಹಾಗೇ ಇದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂತ ಕಬ್ಬಿಣದ ಮಾತ್ರೆಯೂ ಕೊಟ್ಟಿದ್ದಾರೆ. ಥೈರಾಯ್ಡ್ ಜಾಸ್ತಿಯಾಗಿದೆ ಅಂತ ನಮ್ಮತ್ತೆ ಪುಡಿ ಉಪ್ಪು ಬಿಡಿಸಿ ಸೈಂಧವ ಲವಣ ತಂದಿದ್ದಾರೆ.

ಉತ್ತರ: ಮೇಡಂ, ನಿಮಗೆ ಥೈರಾಯ್ಡ್ ಜಾಸ್ತಿಯಾಗಿಲ್ಲ, ಕಡಿಮೆಯಾಗಿದೆ. ಟಿಎಸ್‌ಎಚ್ ಅನ್ನೋ ಹಾರ್ಮೋನ್ ಬರುವುದು ಕತ್ತಿನ ಥೈರಾಯ್ಡ್ ಗ್ರಂಥಿಯಿಂದಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಮಗ ಏಳದಿದ್ದಷ್ಟೂ ಅಮ್ಮನ ಕೂಗು ಜೋರಾಗುತ್ತದಲ್ಲ, ಥೈರಾಯ್ಡ್ ಗ್ರಂಥಿಯನ್ನು ಎಬ್ಬಿಸುವ ಆ ಕೂಗೇ ಟಿಎಸ್‌ಎಚ್. ಮಾತ್ರೆ ಯಾವಾಗ, ಯಾವುದರ ಜೊತೆ ತಗೊಳ್ಳುತ್ತೀರಿ?

ಪ್ರಶ್ನೆ: ಬೆಳಿಗ್ಗೆ ಐದೂವರೆಗೆ, ಕಾಫಿ ಜೊತೆ. ಮರೆತುಹೋಗುತ್ತದೆ ಅಂತ ಎರಡೂ ಮಾತ್ರೆ ಒಟ್ಟಿಗೇ ನುಂಗಿಬಿಡುತ್ತೇನೆ.

ಉತ್ತರ: ಬಹುಶಃ ಅಲ್ಲೇ ಎಡವಟ್ಟಾಗಿದೆ. ಕಬ್ಬಿಣ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಾಫಿಯೂ ಅಡ್ಡ ಬರುತ್ತದೆ. ಇನ್ನೊಂದು ವಿಷಯ ನೋಡಿ. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ರಕ್ತಸ್ರಾವ ಹೆಚ್ಚಬಹುದು. ಅದರಿಂದ ರಕ್ತಹೀನತೆ, ಅದಕ್ಕೆ ಕಬ್ಬಿಣ, ಆ ಕಬ್ಬಿಣ ಮತ್ತೆ ಥೈರಾಯ್ಡ್ ಮಾತ್ರೆಗೆ ಅಡ್ಡಿ! ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಕ್ಯಾಲ್ಸಿಯಂಗೂ ಇದೇ ಲೆಕ್ಕ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ. ಕಾಫಿ ಒಂದು ಗಂಟೆ ಬಿಟ್ಟು.

ಡೋಸ್ ನೀವೇ ಹೆಚ್ಚಿಸಬೇಡಿ. ಜಾಸ್ತಿಯಾದರೆ ಎದೆ ಡವಡವ ಅನ್ನುತ್ತದೆ, ವರ್ಷಗಟ್ಟಲೆ ಹಾಗೇ ಇದ್ದರೆ ಮೂಳೆಯೂ ಸವೆಯುತ್ತದೆ. ನಿಮ್ಮ ಡಾಕ್ಟರಿಗೆ ಈ ಕಾಫಿ ಕಥೆ ಹೇಳಿ. ಸಮಯ ಸರಿ ಮಾಡಿಕೊಂಡು 6–8 ವಾರದ ನಂತರ ಟೆಸ್ಟ್ ಮಾಡಿಸಿದರೆ ನಿಜ ಗೊತ್ತಾಗುತ್ತದೆ. ಅದಕ್ಕಿಂತ ಮೊದಲು ಮಾಡಿಸುವುದು ಸುಮ್ನೆ ದುಡ್ಡು ದಂಡ.

ಉಪ್ಪು ಮಾತ್ರ ವಾಪಸ್ ಬದಲಾಯಿಸಿ. ಸೈಂಧವ ಲವಣದಲ್ಲಿ ಸಾಮಾನ್ಯವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು ಇದ್ದರೆ ಅದು ಬೇಕೇ ಬೇಕು. ಅಯೋಡಿನ್ ಸಾಕಷ್ಟು ಸಿಗುವವರಲ್ಲಿ ಈ ತೊಂದರೆಗೆ ಮುಖ್ಯ ಕಾರಣ ಹಾಶಿಮೊಟೊ ಅನ್ನೋ ಕಾಯಿಲೆ. ಅಂದರೆ ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ಪಡೆ ಗ್ರಂಥಿಯ ಮೇಲೆ ಬೀಳುತ್ತದೆ. ಇದರಲ್ಲಿ ಅತ್ತೆಯ ಅಡುಗೆಯದ್ದೇನೂ ತಪ್ಪಿಲ್ಲ.

ಇನ್ನೊಬ್ಬರು: ಎಲೆಕೋಸು ತಿನ್ನಬಾರದು ಅಂತಾರಲ್ಲ ಸಾರ್?

ಉತ್ತರ: ಪಲ್ಯ ಮಾಡಿ ಧಾರಾಳವಾಗಿ ತಿನ್ನಿ. ದಿನಾ ಹಸಿಯಾಗಿ ರಾಶಿಗಟ್ಟಲೆ ತಿನ್ನುವವರು ಮಾತ್ರ ಯೋಚಿಸಲಿ.

ಪ್ರಶ್ನೆ: ಡಾಕ್ಟ್ರೇ, ಎದ್ದ ತಕ್ಷಣ ಕಾಫಿ ಇಲ್ಲದೆ ನನಗಾಗಲ್ಲ. ರಾತ್ರಿ ತಗೊಳ್ಳಬಹುದಾ?

ಉತ್ತರ: ತಗೊಳ್ಳಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು, ಮಧ್ಯೆ ಹಾಲು, ಹಣ್ಣು ಏನೂ ಬೇಡ. ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಗಿನ ಕಾಫಿ ನಿಮ್ಮದು.