ಹಿಮಗಾಳಿಯಲ್ಲಿ ಸಿಕ್ಕಿಕೊಂಡರೆ ಹೆಲಿಕಾಪ್ಟರ್ ನಂಬಿ ಇರಬಹುದಾ? ಅನುಭವ ಇರುವವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಈ ಬೇಸಿಗೆಯಲ್ಲಿ ಅಮೆರಿಕದ ಒಹಾಯೋಗೆ ಬಂದೆವು. ಫಿಂಡ್ಲೆ ಊರಿನಿಂದ ಆಚೆ, ಜೋಳದ ಹೊಲಗಳ ನಡುವೆ ಬಾಡಿಗೆ ಮನೆ. ಜನವರಿ ಕೊನೆಗೆ ನನಗೆ ಹೆರಿಗೆ. ಅತ್ತೆ ಊರಿಂದ ಬರುತ್ತಾರೆ, ಅವರಿಗೆ ಶುಗರ್, ಇನ್ಸುಲಿನ್ ತಗೋತಾರೆ. ಪಕ್ಕದ ಹೊಲದ ಅಜ್ಜ 1978ರ ಹಿಮಗಾಳಿಯ ಕಥೆ ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. "ಆಗಲೂ ಹೆಲಿಕಾಪ್ಟರ್ ಬಂದಿತ್ತಂತಲ್ಲ, ಈಗಲೂ ಬರುತ್ತೆ ಬಿಡು" ಅಂತಾರೆ ನಮ್ಮ ಯಜಮಾನರು. ಅದನ್ನೇ ನಂಬಿ ಇರಬಹುದಾ? ನೋಡಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ 1:

ನೋಡಮ್ಮ, ಆ ಗಾಳಿಯನ್ನು ನಾನು ನೋಡಿದ್ದೇನೆ. ಹೆಲಿಕಾಪ್ಟರನ್ನೂ ನೋಡಿದ್ದೇನೆ. ಅದು ಬರುತ್ತದೆ, ನಿಜ. ಆದರೆ ಗಾಳಿ ನಿಂತ ಮೇಲೆ ಬರುತ್ತದೆ. ಅಲ್ಲಿಯ ತನಕ ನೀವು ನೀವೇ.

ನಮ್ಮ ಯಜಮಾನರು ಆಗ ಒಹಾಯೋದ ವಾಯುವ್ಯ ಭಾಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು. ಹಳ್ಳಿ ಕಡೆ ಡಾಕ್ಟರುಗಳೇ ಸಿಗದ ಕಾಲ ಅದು. ನಮ್ಮ ಕಡೆ ಓದಿದವರು ಎಷ್ಟೋ ಮಂದಿ ಅಂಥ ಊರುಗಳಿಗೆ ಬಂದಿದ್ದರು. ಜನವರಿ 25, ಬುಧವಾರ ರಾತ್ರಿ ಮಳೆ ಬರುತ್ತಿತ್ತು. ಹಿಮ ಅಲ್ಲ, ಮಳೆ! ಚಳಿ ಕಡಿಮೆಯಾಯಿತು ಅಂದುಕೊಂಡು ಮಲಗಿದೆ. ಬೆಳಗಿನ ಜಾವ ಮನೆಯೇ ಅಲುಗಾಡಿದ ಸದ್ದು. ಕಿಟಕಿಯಾಚೆ ಬಿಳುಪು ಬಿಟ್ಟರೆ ಏನೂ ಇಲ್ಲ. ಮೆಕ್ಸಿಕೋ ಕೊಲ್ಲಿಯಿಂದ ಬಂದ ಬಿರುಗಾಳಿಗೆ ಉತ್ತರದ ಚಳಿ ಬಂದು ಸೇರಿಕೊಂಡಿತ್ತು. ಕ್ಲೀವ್‌ಲ್ಯಾಂಡಿನಲ್ಲಿ ಗಾಳಿಯ ಒತ್ತಡ 958 ಮಿಲಿಬಾರ್‌ಗೆ ಇಳಿದಿತ್ತು ಎಂದು ಆಮೇಲೆ ಓದಿದೆ. ಸಾಧಾರಣ ದಿನ ಅದು 1,013ರ ಆಸುಪಾಸು ಇರುತ್ತದೆ. ಅಲ್ಲಿ ಗಾಳಿ ಒಮ್ಮೆ ಗಂಟೆಗೆ 130 ಕಿ.ಮೀ. ದಾಟಿ ಬೀಸಿತ್ತು.

ಮೊದಲು ಹೋದದ್ದು ಕರೆಂಟ್. ಮನೆ ಬೆಚ್ಚಗಿಡಲು ನಮ್ಮದು ಗ್ಯಾಸ್ ಫರ್ನೇಸ್, ಆದರೂ ಅದರ ಫ್ಯಾನ್ ತಿರುಗಲು ಕರೆಂಟ್ ಬೇಕು. ಒಲೆಯೂ ಕರೆಂಟಿನದು. ಬಾವಿಯ ಪಂಪ್ ನಿಂತಿತು, ನಲ್ಲಿಯಲ್ಲಿ ನೀರಿಲ್ಲ. ಯಜಮಾನರು ಆಸ್ಪತ್ರೆಯಲ್ಲೇ ಸಿಕ್ಕಿಕೊಂಡರು. ಮನೆಯಲ್ಲಿ ನಾನು ಮತ್ತು ಕೈಗೂಸು. ಊರಿಂದ ತಂದ ಅವಲಕ್ಕಿ, ಹುರಿಗಡಲೆ, ಬೆಲ್ಲ ಇತ್ತು, ಅದೇ ಊಟ. ಪಕ್ಕದ ಹೊಲದ ಯಜಮಾನ ಎರಡು ಮನೆಗಳ ನಡುವೆ ಹಗ್ಗ ಕಟ್ಟಿಕೊಂಡು ಬಂದು, ಮಗುವನ್ನು ಕೋಟಿನೊಳಗೆ ಇಟ್ಟುಕೊಂಡು, ನನ್ನನ್ನೂ ಅವರ ಮನೆಗೆ ಕರೆದುಕೊಂಡು ಹೋದ. ಅವರಲ್ಲಿ ಸೌದೆ ಒಲೆ ಇತ್ತು. ಆ ಹಗ್ಗ ಬಿಟ್ಟಿದ್ದರೆ ನಾಲ್ಕು ಮಾರು ದೂರದಲ್ಲಿ ದಾರಿ ತಪ್ಪುತ್ತಿದ್ದೆವು. ಇವತ್ತಿಗೂ ಆ ಮನೆಯವರನ್ನು ನೆನೆಯದ ಚಳಿಗಾಲವಿಲ್ಲ.

ಆ ಮನೆಯ ಸೊಸೆ ತುಂಬು ಬಸುರಿ. ಗುರುವಾರ ರಾತ್ರಿಯೇ ಸಣ್ಣಗೆ ನೋವು ಶುರುವಾಯಿತು. ಟೆಲಿಫೋನ್ ಸತ್ತಿತ್ತು. ಅವಳ ಮಾವ ಟ್ರ್ಯಾಕ್ಟರ್ ಬ್ಯಾಟರಿಗೆ ಸಿ.ಬಿ. ರೇಡಿಯೋ, ಅಂದರೆ ಜನ ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ, ಹಚ್ಚಿ ಕೂಗುತ್ತಲೇ ಇದ್ದ. ದೂರದ ಇನ್ನೊಬ್ಬ ರೈತ ಕೇಳಿಸಿಕೊಂಡು ಶೆರಿಫ್ ಕಚೇರಿಗೆ (ಅಲ್ಲಿಯ ಪೊಲೀಸ್ ಕಚೇರಿ) ಸುದ್ದಿ ಮುಟ್ಟಿಸಿದ. ಅಲ್ಲಿಂದ ಬಂದ ಉತ್ತರ ಒಂದೇ: ಗಾಳಿ ಇಳಿಯಲಿ, ಬರುತ್ತಾರೆ. ನಾವು ಅವಳ ಕೈ ಹಿಡಿದು ಕೂತೆವು. ಬೇರೆ ಏನು ಮಾಡೋದು?

ಗಾಳಿ ತಗ್ಗಿದ ಮೇಲೆ ಗಂಡಸರು ಹೊಲದಲ್ಲಿ ಹಿಮವನ್ನು ತುಳಿದು ತುಳಿದು ಗಟ್ಟಿ ಮಾಡಿದರು. ಅದರ ಮೇಲೆ ಒಲೆಯ ಬೂದಿ ಸುರಿದು ದೊಡ್ಡ ಗುರುತು ಮಾಡಿದರು. ಅವಳ ಅತ್ತೆ ಕೆಂಪು ಕಂಬಳಿ ಹಾಸಲು ಹೋದಾಗ ಮಾವ ತಡೆದ. ಅದು ಹಾರಿ ರೆಕ್ಕೆಗೆ ಸಿಕ್ಕಿದರೆ ಹೆಲಿಕಾಪ್ಟರ್ ಬೀಳುತ್ತದೆ ಅಂದ. ಅವನು ಸೈನ್ಯದಲ್ಲಿ ಇದ್ದು ಬಂದವನು. ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಸೈನ್ಯದವರ ಹ್ಯೂಯಿ ಹೆಲಿಕಾಪ್ಟರ್ ಇಳಿಯುವಾಗ ಹಿಮ ಹಿಟ್ಟಿನ ಹಾಗೆ ಮೇಲೆದ್ದು ಕೊಟ್ಟಿಗೆ, ಮನೆ, ಜನ ಎಲ್ಲ ಮಾಯ. ಪೈಲಟ್‌ಗೆ ನೆಲ ಅಂತ ಕಂಡದ್ದು ಆ ಬೂದಿಯ ಕಪ್ಪು ಒಂದೇ ಇರಬೇಕು. ಅದರಿಂದ ಜಿಗಿದ ಸೈನಿಕ ಹುಡುಗ ಸೊಂಟದ ತನಕ ಹೂತುಹೋದ. ಸೊಸೆಯನ್ನು ಮಕ್ಕಳ ಜಾರುಗಾಡಿಯ ಮೇಲೆ ಮಲಗಿಸಿ, ಎಳೆದು ಹತ್ತಿಸಿದರು. ಹೊರಡುವ ಮೊದಲು ಅವನು ಕೂಗಿ ಕೇಳಿದ, "ಇನ್ಯಾರಿಗೆ ಏನು ಬೇಕು?" ಅತ್ತೆ ಗಂಡನ ಹೃದಯದ ಮಾತ್ರೆಯ ಹೆಸರು ಬರೆದ ಚೀಟಿ ಕೊಟ್ಟಳು. ನಾನು ಮಗುವಿನ ಹಾಲಿನ ಪುಡಿ ಅಂದೆ. ಮಾರನೇ ದಿನ ಎರಡೂ ಒಂದು ಚೀಲದಲ್ಲಿ ಬಂದವು. ಸೊಸೆಗೆ ಊರ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಮಗು.

ಆಗ ಒಹಾಯೋದಲ್ಲಿ 45 ಹೆಲಿಕಾಪ್ಟರ್‌ಗಳು 2,700 ಸಲ ಹಾರಿದವು. ಅಷ್ಟಾದರೂ 51 ಜನ ತೀರಿಕೊಂಡರು. ಎಷ್ಟೋ ಜನ ಹಿಮದಲ್ಲಿ ಸಿಕ್ಕಿದ ಕಾರು ಬಿಟ್ಟು ನಡೆದು ಹೋದವರು. ಇನ್ನು ಕೆಲವರು ಬಿಸಿಯಿಲ್ಲದ ಮನೆಯೊಳಗೇ ಸತ್ತರು. ಮ್ಯಾನ್ಸ್‌ಫೀಲ್ಡ್ ಹತ್ತಿರ ಒಬ್ಬ ಲಾರಿ ಡ್ರೈವರ್ ಮಾತ್ರ 6 ದಿನ ಹೂತುಹೋದ ಲಾರಿಯಲ್ಲೇ ಕೂತು ಬದುಕಿದ. ದಯವಿಟ್ಟು ಇದನ್ನು ನಿನ್ನ ಯಜಮಾನರಿಗೆ ಹೇಳು: ಕಾರು ಸಿಕ್ಕಿಕೊಂಡರೆ ಇಳಿದು ನಡೆಯಬಾರದು. ಹೊಗೆ ಕೊಳವೆಯ ಸುತ್ತ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಇಂಜಿನ್ ಓಡಿಸಿ, ಕಿಟಕಿ ಚೂರು ತೆರೆದು ಕೂರಬೇಕು.

ನಿನಗೆ ನಾನು ಹೇಳೋದು ಇಷ್ಟು. ದಿನ ಹತ್ತಿರ ಬಂದಾಗ ಹಿಮಗಾಳಿಯ ಮುನ್ನೆಚ್ಚರಿಕೆ ಬಂದರೆ ಆವತ್ತೇ ಆಸ್ಪತ್ರೆ ಇರುವ ಊರಿಗೆ ಹೋಗಿಬಿಡು. ಗೆಳೆಯರ ಮನೆಯೋ, ಹೋಟೆಲ್ ರೂಮೋ, ದುಡ್ಡು ಹೋದರೆ ಹೋಗಲಿ.

ಉತ್ತರ 2:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗಡಿ ರಸ್ತೆ ಸಂಸ್ಥೆಯಲ್ಲಿದ್ದವನು, ಹಿಮಾಚಲದ ಲಾಹೌಲ್‌ನಲ್ಲಿ ಕೆಲಸ. ಈಗ ಊರಲ್ಲಿದ್ದೇನೆ, ಗದಗ.

ಲಾಹೌಲ್‌ಗೆ ರೋಹ್ತಾಂಗ್ ಕೆಳಗಿಂದ ಹೋಗುವ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಶುರುವಾದದ್ದು 2020ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ರೋಹ್ತಾಂಗ್ ಕಣಿವೆ ದಾರಿ ಮುಚ್ಚಿತು ಅಂದರೆ ಲಾಹೌಲ್ ಜನ ತಿಂಗಳುಗಟ್ಟಲೆ ಒಳಗೇ. ಸರ್ಕಾರದ ಹೆಲಿಕಾಪ್ಟರ್ ಭುಂತರ್‌ನಿಂದ ಕೇಲಾಂಗ್ ಹತ್ತಿರದ ಸ್ಟಿಂಗ್ರಿಗೆ ಬರುತ್ತಿತ್ತು. ಹೆಸರು ಬರೆಸಬೇಕು, ರೋಗಿಗಳಿಗೆ ಮೊದಲ ಸೀಟು. ಕೇಳಿದರೆ ಎಲ್ಲ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಕೆಳಗೆ ಬಿಸಿಲು ಇದ್ದರೂ ಮೇಲೆ ಕಣಿವೆಯಲ್ಲಿ ಮೋಡ ಕೂತರೆ ಹಾರಾಟ ರದ್ದು. ಗಂಟು ಕಟ್ಟಿಕೊಂಡು ಬಂದ ಮುದುಕರು ಹೆಲಿಪ್ಯಾಡ್ ಪಕ್ಕ ಕೂತು, ಮಧ್ಯಾಹ್ನ ವಾಪಸ್ ಮನೆಗೆ ನಡೆಯುತ್ತಿದ್ದರು. ನಾಳೆ ಮತ್ತೆ ಅದೇ.

ಅಲ್ಲಿಯ ಹೆಂಗಸರು ಇದನ್ನು ಚೆನ್ನಾಗಿ ಬಲ್ಲವರು. ನಮ್ಮ ಕ್ಯಾಂಪ್ ಪಕ್ಕದ ಮನೆಯ ಬಸುರಿ ಹೆಣ್ಣುಮಗಳು ದಾರಿ ಮುಚ್ಚುವ ಮೊದಲೇ ಕುಲ್ಲುವಿಗೆ ಇಳಿದು ನೆಂಟರ ಮನೆಯಲ್ಲಿದ್ದಳು. ಸೌದೆ, ಹುಲ್ಲು, ಒಣಗಿಸಿದ ತರಕಾರಿ ಎಲ್ಲ ನವೆಂಬರ್ ಒಳಗೆ ಮನೆ ಸೇರುತ್ತಿತ್ತು. ತಂಗಿ, ನೀವೂ ಹಾಗೇ ಮಾಡಿ.

ಉತ್ತರ 3:

ನಾನು ನರ್ಸ್, ಮಿಷಿಗನ್‌ನಲ್ಲಿ ಇದ್ದೇನೆ. ನಿಮ್ಮ ಅತ್ತೆಯ ವಿಷಯ ಮಾತ್ರ ಹೇಳುತ್ತೇನೆ. ಇನ್ಸುಲಿನ್ ಹೆಪ್ಪುಗಟ್ಟಬಾರದು. ಒಮ್ಮೆ ಗಟ್ಟಿಯಾದರೆ ಕರಗಿಸಿ ಬಳಸಲೇಬೇಡಿ. ಮನೆ ತಣ್ಣಗಾದರೆ ಸೀಸೆಯನ್ನು ಮೈಗೆ ತಾಗುವ ಒಳಜೇಬಿನಲ್ಲಿ ಇಡಿ, ಹೀಟರ್ ಪಕ್ಕ ಅಲ್ಲ. ಎಲ್ಲ ಔಷಧಿಯ ಹೆಸರು, ಎಷ್ಟು, ಎಷ್ಟು ಹೊತ್ತಿಗೆ ಅಂತ ಕಾಗದದ ಮೇಲೆ ಬರೆದಿಡಿ. ಫೋನ್ ಚಾರ್ಜ್ ಹೋದಾಗ ಆ ಕಾಗದವೇ ಗತಿ. ಹೆರಿಗೆ ದಿನ ಹತ್ತಿರವಿದೆ ಅಂತ ನಿಮ್ಮ ಜಿಲ್ಲೆಯ ತುರ್ತು ಸೇವೆಯವರಿಗೆ ಮೊದಲೇ ಫೋನ್ ಮಾಡಿ ಹೇಳಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ, ನಿಮ್ಮದನ್ನು ಯಜಮಾನರಿಗೆ ಓದಿ ಹೇಳಿದೆ. ಟೊಲೆಡೊದಲ್ಲಿ ಅವರ ಸ್ನೇಹಿತರು ಇದ್ದಾರೆ, ಜನವರಿ ಮಧ್ಯದಿಂದ ಅಲ್ಲೇ ಇರೋಣ ಅಂದರು. ಇನ್ನೊಂದು ಕೇಳಲಾ? ನಮ್ಮದು ಗ್ಯಾಸ್ ಒಲೆ. ಕರೆಂಟ್ ಹೋದರೆ ಅದನ್ನೇ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡಬಹುದಾ?

ಉತ್ತರ 3:

ಬೇಡ, ಖಂಡಿತಾ ಬೇಡ. ಒಳಗೆ ಇದ್ದಿಲೂ ಬೇಡ, ಜನರೇಟರ್ ಅಂತೂ ಬೇಡವೇ ಬೇಡ. ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಅದನ್ನು ಪತ್ತೆ ಮಾಡುವ ಬ್ಯಾಟರಿಯ ಅಲಾರಂ ಒಂದು ಇವತ್ತೇ ತಂದು ಹಾಕಿ. ಫರ್ನೇಸ್‌ನ ಹೊಗೆ ಕೊಳವೆ ಗೋಡೆಯ ಯಾವ ಕಡೆ ಹೊರಗೆ ಬಂದಿದೆ ಅಂತ ಹಿಮ ಬೀಳುವ ಮೊದಲೇ ನೋಡಿಕೊಳ್ಳಿ. ಅದು ಹಿಮದಿಂದ ಮುಚ್ಚಿದರೂ ಅದೇ ಅಪಾಯ.

ಉತ್ತರ 1:

ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಸಂದಿಗೆ ಕಂಬಳಿ ತುರುಕಿ. ಮುನ್ನೆಚ್ಚರಿಕೆ ಬಂದ ಕೂಡಲೇ ಸ್ನಾನದ ತೊಟ್ಟಿ, ಪಾತ್ರೆ, ಬಕೆಟ್ ಎಲ್ಲ ನೀರು ತುಂಬಿಸಿಡಿ. ಅತ್ತೆಯನ್ನೂ ಟೊಲೆಡೊಗೆ ಜೊತೆಗೇ ಕರೆದುಕೊಂಡು ಹೋಗಮ್ಮ, ಹೊಲದ ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.