ಪದಚರ್ಚೆ: 'ವಾಚ್‌ಮೆನ್' ಅನ್ನೋದಕ್ಕೆ 'ಪಹರೆಯವರು' ಸರಿಹೋಗುತ್ತಾ?

ಬಳಗದ ಎಲ್ಲರಿಗೂ ನಮಸ್ಕಾರ,

ಒಂದು ಪದಕ್ಕೆ ನಿಮ್ಮೆಲ್ಲರ ಸಹಾಯ ಬೇಕಾಗಿದೆ. ಮುಂಬೈ ಪಕ್ಕದ ಡೊಂಬಿವಲಿಯ ನಾವೊಂದಿಷ್ಟು ಕನ್ನಡದವರು ಸೇರಿ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರ್ತಾ ಇದ್ದೀವಿ, ಇಲ್ಲೇ ಹುಟ್ಟಿ ಬೆಳೆದ ಹುಡುಗರೂ ಕೈಗೆತ್ತಿಕೊಂಡು ಓದೋ ಥರದ್ದು ಒಂದಾದ್ರೂ ಇರ್ಲಿ ಅಂತ ನಾನು 'ವಾಚ್‌ಮೆನ್' ಸಿನಿಮಾ ಬಗ್ಗೆ ಬರೀತಾ ಇದ್ದೀನಿ. ಜಾಕ್ ಸ್ನೈಡರ್ ನಿರ್ದೇಶನ, ಬಂದದ್ದು 2009ರಲ್ಲಿ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ಕಾಮಿಕ್ಸ್ ಇದಕ್ಕೆ ಮೂಲ, ಅದು 1986-87ರಲ್ಲಿ 12 ಸಂಚಿಕೆಗಳಾಗಿ ಬಂದಿತ್ತು. ಲೇಖನ ಮುಕ್ಕಾಲು ಭಾಗ ಆಗಿದೆ, ತಲೆಬರಹಕ್ಕೆ ಮಾತ್ರ ಗಾಡಿ ನಿಂತುಬಿಟ್ಟಿದೆ.

"ಅದಕ್ಕೆ ಕನ್ನಡ ಎಂತಕ್ಕೆ ಮಾರಾಯ್ತಿ, ವಾಚ್‌ಮೆನ್ ಅಂತಲೇ ಹಾಕು, ಎಲ್ಲರಿಗೂ ಗೊತ್ತಾಗ್ತದೆ" ಅಂದ್ರು ನಮ್ಮ ಗುಂಪಿನ ಹಿರಿಯರೊಬ್ರು, ಉಡುಪಿ ಕಡೆಯವರು. ಗೊತ್ತಾಗೋದೇನೋ ಹೌದು, ಆದ್ರೆ ಏನು ಗೊತ್ತಾಗುತ್ತೆ? ಈ ಊರಲ್ಲಿ ವಾಚ್‌ಮನ್ ಅಂದ್ರೆ ಸೊಸೈಟಿ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರೋ ಮನುಷ್ಯ, ಎದುರಿಗೆ ಉದ್ದನೆಯ ರಿಜಿಸ್ಟರು, ಅದಕ್ಕೆ ದಾರ ಕಟ್ಟಿದ ಪೆನ್ನು, ಬಂದವರು ಹೆಸರು, ಫ್ಲ್ಯಾಟ್ ನಂಬರು, ಬಂದ ಹೊತ್ತು ಬರೆದು ಒಳಗೆ ಹೋಗ್ಬೇಕು. ಬೆಳಗಿನ ಜಾವ ಎದ್ದು ನೀರಿನ ಪಂಪ್ ಹಾಕೋನೂ ಅವನೇ. ದುಡಿದು ತಿನ್ನೋ ಮರ್ಯಾದಸ್ಥ ಕೆಲಸ ಅದು. ಆದ್ರೆ ಮುಖವಾಡ ಹಾಕಿಕೊಂಡು, ಯಾರೂ ಕೇಳದಿದ್ರೂ ಊರಿಗೆ ನ್ಯಾಯ ಹೇಳೋಕೆ ಹೊರಟವರ ಕಥೆಗೆ ಅದೇ ಹೆಸರು ಇಟ್ರೆ ಮುಂಬೈ ಓದುಗರ ಕಣ್ಣಿಗೆ ಬೇರೆಯದೇ ಚಿತ್ರ ಬರುತ್ತೆ. ಬೇರೆ ಭಾಷೆಗಳಲ್ಲಿ ಇಂಥ ಸಿನಿಮಾ ಡಬ್ ಆಗಿ ಬಂದು, ಸರಿಯೋ ತಪ್ಪೋ ಒಂದಷ್ಟು ಪದ ಚಲಾವಣೆಗೆ ಬಂದಿವೆ. ನಮ್ಮಲ್ಲಿ ದಶಕಗಟ್ಟಲೆ ಡಬ್ಬಿಂಗೇ ಇರ್ಲಿಲ್ಲ, ಹಾಗಾಗಿ ಹುಡುಕೋ ಕೆಲಸ ನಮ್ಮ ಪಾಲಿಗೇ ಬಂದಿದೆ.

ಈಗ ಅಸಲು ವಿಷಯ. ಕಾಮಿಕ್ಸ್‌ನಲ್ಲಿ ಈ ಹೆಸರಿನ ತಂಡವೇ ಇಲ್ಲ! 1940ರ ದಶಕದ ಮುಖವಾಡದವರ ತಂಡಕ್ಕೆ 'ಮಿನಿಟ್‌ಮೆನ್' ಅಂತ ಹೆಸರು, 60ರ ದಶಕದಲ್ಲಿ ಕಟ್ಟೋಕೆ ಹೋಗಿ ಮೊದಲ ಮೀಟಿಂಗಲ್ಲೇ ಮುರಿದುಬಿದ್ದದ್ದು 'ಕ್ರೈಮ್‌ಬಸ್ಟರ್ಸ್'. 'ವಾಚ್‌ಮೆನ್' ಅನ್ನೋ ಮಾತು ಬರೋದು ನ್ಯೂಯಾರ್ಕಿನ ಗೋಡೆಗಳ ಮೇಲೆ, ಜನ ಸ್ಪ್ರೇ ಪೇಂಟಲ್ಲಿ ಗೀಚಿದ ಒಂದು ಪ್ರಶ್ನೆಯೊಳಗೆ. ಆ ಪ್ರಶ್ನೆ ಕೂಡ ಕಾಮಿಕ್ಸ್‌ನ ಯಾವ ಚಿತ್ರದ ಚೌಕದಲ್ಲೂ ಪೂರ್ತಿ ಕಾಣಿಸಲ್ಲ, ಒಂದು ಕಡೆ ಯಾರೋ ಅಡ್ಡ ನಿಂತಿರ್ತಾರೆ, ಇನ್ನೊಂದು ಕಡೆ ಚೌಕವೇ ಮುಗಿದುಹೋಗುತ್ತೆ, ಓದೋರೇ ಜೋಡಿಸಿಕೊಳ್ಬೇಕು. ಪುಸ್ತಕದ ಕಟ್ಟಕಡೆಗೆ ಮಾತ್ರ ರೋಮಿನ ಕವಿ ಜುವೆನಾಲನ ಸಾಲು ಅಂತ ಅದನ್ನ ಪೂರ್ತಿ ಕೊಟ್ಟಿದ್ದಾರೆ. ಅಂದ್ರೆ ಕಾವಲಿಗೆ ಅಂತ ನಿಂತವರ ಮೇಲೆ ಕಾವಲು ಯಾರದು ಅಂತ ಊರಿನ ಜನ ಕೇಳೋ ಮಾತೇ ಆ ಪುಸ್ತಕದ ಹೆಸರು.

ಸ್ನೈಡರ್ ಏನು ಮಾಡಿದ್ರು ಅಂದ್ರೆ ಅದನ್ನೇ ತಂಡದ ಹೆಸರು ಮಾಡಿಬಿಟ್ರು, ಸಿನಿಮಾದಲ್ಲಿ ಪಾತ್ರಗಳೇ ತಮ್ಮನ್ನ ವಾಚ್‌ಮೆನ್ ಅಂತ ಕರ್ಕೊಳ್ತಾರೆ. ಚಿಕ್ಕ ಬದಲಾವಣೆ ಅನ್ನಿಸಬಹುದು, ನನಗೆ ಮಾತ್ರ ಇಡೀ ಸಿನಿಮಾದ ಗುಣ ದೋಷ ಎರಡೂ ಅದರಲ್ಲೇ ಕಾಣಿಸುತ್ತೆ. ಜನರ ಬಾಯಲ್ಲಿ ಆರೋಪವಾಗಿದ್ದದ್ದು ಇವರ ಬಾಯಲ್ಲಿ ಬಿರುದಾಯ್ತು. ಸಿನಿಮಾ ಇವರನ್ನ ನೋಡೋದೂ ಹಾಗೇ. ಹೊಡೆದಾಟ ಬಂದಾಗೆಲ್ಲ ಸ್ಲೋ ಮೋಶನ್, ಗಲ್ಲಿಯಲ್ಲಿ ತಂಡದ ಡ್ಯಾನ್ ಮತ್ತು ಲಾರಿ ಅನ್ನೋರು ಸೇರಿ ಪುಂಡರ ಗುಂಪಿಗೆ ಹೊಡೆಯೋ ದೃಶ್ಯದಲ್ಲಿ ಒಬ್ಬನ ತೋಳಿನ ಮೂಳೆ ಮುರಿದು ಚರ್ಮ ಹರ್ಕೊಂಡು ಹೊರಗೆ ಬರೋದನ್ನ ಹತ್ತಿರದಿಂದ ತೋರಿಸ್ತಾರೆ, ಅದೂ ಎಷ್ಟು ಚಂದವಾಗಿ ಅಂದ್ರೆ ನೋಡೋರು ಚಪ್ಪಾಳೆ ಹೊಡೀಬೇಕು ಅನ್ನೋ ಹಾಗೆ. ಇವರನ್ನ ಕೇಳೋರು ಯಾರು ಅನ್ನೋ ಮಾತು ಆ ಕ್ಷಣಕ್ಕೆ ಮರೆತೇ ಹೋಗುತ್ತೆ. ಕಾಮಿಕ್ಸ್‌ನ ಪುಟಗಳಲ್ಲಿ ಹೆಚ್ಚಿನವು ಒಂಬತ್ತು ಸಮ ಚೌಕ, ಅಲ್ಲಿ ಹೊಡೆತಕ್ಕೂ ಅಷ್ಟೇ ಜಾಗ, ಹೊಡೆದವರ ಮುಖಕ್ಕೂ ಅಷ್ಟೇ ಜಾಗ, ಅದು ಬೇರೆ ಥರದ ಲೆಕ್ಕ.

ಹಾಗಂತ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳಲ್ಲ. ರೋರ್ಶಾಕ್ ಪಾತ್ರದಲ್ಲಿ ಜಾಕಿ ಅರ್ಲ್ ಹ್ಯಾಲಿ ಅವರದ್ದು ಮರೆಯೋಕಾಗದ ಕೆಲಸ, ಮುಖವಾಡ ಕಿತ್ತ ಮೇಲೆ ಜೈಲಲ್ಲಿ ಆ ಬರೀ ಮುಖ ಇನ್ನೂ ಹೆಚ್ಚು ಹೆದರಿಸುತ್ತೆ. ಬಾಬ್ ಡಿಲನ್ ಹಾಡಿನ ಜೊತೆ ಬರೋ ಟೈಟಲ್ ಭಾಗ ಅಂತೂ ನಾಲ್ಕು ದಶಕದ ಕಥೆಯನ್ನ ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸುತ್ತೆ.

ಈಗ ಪದಗಳಿಗೆ ಬರ್ತೀನಿ. ಮೊದಲು ಹೊಳೆಯೋದು ಕಾಯು. "ಕಾಯೋರನ್ನ ಕಾಯೋರು ಯಾರು?" ಕಿವಿಗೆ ಎಷ್ಟು ಚೆನ್ನಾಗಿದೆ! ಆದ್ರೆ ಕನ್ನಡದಲ್ಲಿ ದೇವರು ಕಾಯ್ತಾನೆ, ರೈತ ಬೆಳೆ ಕಾಯ್ತಾನೆ, ಹುಡುಗರು ದನ ಕಾಯ್ತಾರೆ, ಎಲ್ಲದರಲ್ಲೂ ಅಕ್ಕರೆಯೇ ತುಂಬಿರೋದು. ಕಾಯೋರನ್ನ ಕಾಯೋರು ಯಾರು ಅಂದ್ರೆ ಪಾಪ ಇವರಿಗೆ ದಿಕ್ಕು ಯಾರು ಅಂತ ಕೇಳಿಸುತ್ತೆ, ಇವರ ಮೇಲೊಂದು ಕಣ್ಣಿಡೋರು ಯಾರು ಅಂತ ಕೇಳಿಸಲ್ಲ. 'ನಿಗಾ'ದಲ್ಲಿ ಆ ಅನುಮಾನ ಇದೆ, ಆದ್ರೆ ನಿಗಾ ಈಗ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಅಂಟಿಕೊಂಡುಬಿಟ್ಟಿದೆ.

ಇನ್ನೊಬ್ಬರು 'ಸರ್ಪಗಾವಲು' ಅಂದ್ರು. ನಿಧಿ ಕಾಯೋ ಹಾವಿನ ನೆನಪು ಇರೋ ಪದ, ಕಾಯೋದೇ ವಿಷ ಅನ್ನೋ ಅರ್ಥ ಮುಖವಾಡದವರಲ್ಲೇ ಕ್ರೂರಿಯಾದ ಕಾಮಿಡಿಯನ್ ಪಾತ್ರಕ್ಕಂತೂ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಪೇಪರ್‌ನವರು ಗಣೇಶ ವಿಸರ್ಜನೆಗೂ ಅದೇ, ಚುನಾವಣೆ ಎಣಿಕೆಗೂ ಅದೇ, ಎಲ್ಲೆಲ್ಲೂ ಖಾಕಿ ಸರ್ಪಗಾವಲು ಅಂತ ಬರೆದು ಬರೆದು ಅದರ ಹಲ್ಲು ಕಿತ್ತಿದ್ದಾರೆ.

ಆಮೇಲೆ ಗಾದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದು ಹತ್ತಿರದ್ದು, ಆದ್ರೆ ಗಾದೆಯಲ್ಲಿ ಬೇಲಿ ಆಗಲೇ ಮೇಯ್ದಾಗಿದೆ, ಗೋಡೆ ಮೇಲಿನ ಮಾತಿನಲ್ಲಿ ಮೇಯೋ ಮುಂಚೆಯೇ ಪ್ರಶ್ನೆ ಇದೆ. ನಿಜವಾಗಿ ಹೊಂದೋದು ಬಸವಣ್ಣನವರ ವಚನ. "ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ" ಅಂತ ಹೋಗಿ "ಇನ್ನಾರಿಗೆ ದೂರುವೆ" ಅಂತ ನಿಲ್ಲುತ್ತಲ್ಲ, ಕೆರೆ ಏರಿಯೇ ನೀರು ಕುಡಿದ್ರೆ, ಬೇಲಿಯೇ ಹೊಲ ಮೇಯ್ದ್ರೆ ಇನ್ಯಾರ ಹತ್ತಿರ ಹೋಗಿ ಹೇಳ್ಲಿ ಅಂತ. ಮೇಲೆ ಕೇಳೋರು ಯಾರೂ ಇಲ್ಲ ಅನ್ನೋ ಆ ಗಾಬರಿ ಜುವೆನಾಲನಲ್ಲೂ ಅದೇ. ಇನ್ನೊಂದು ಸಂಗತಿ, ಜುವೆನಾಲನ ಸಾಲು ಹುಟ್ಟಿದ್ದು ರಾಜಕೀಯದ ಬಗ್ಗೆ ಅಲ್ಲ, ಹೆಂಡತಿಯ ಮೇಲೆ ನಂಬಿಕೆ ಇಲ್ಲದೆ ಮನೆಗೆ ಕಾವಲು ಹಾಕೋ ಗಂಡಂದಿರ ಬಗ್ಗೆ, ಕಾವಲಿನವರನ್ನ ನಂಬೋದು ಹೇಗೆ ಅಂತ. ವಚನದಲ್ಲೂ ಏರಿ ಬೇಲಿ ಆದ ಕೂಡಲೇ "ನಾರಿ ತನ್ನ ಮನೆಯಲ್ಲಿ ಕಳುವಡೆ" ಅಂತ ಮನೆಯೊಳಗಿನ ಮಾತೇ ಬರುತ್ತೆ. ಸಾವಿರ ವರ್ಷ ಅಂತರದ ಇಬ್ಬರು ಒಂದೇ ಹೊಸ್ತಿಲಲ್ಲಿ ನಿಂತು ಕೇಳಿದ್ದಾರೆ. ಲೇಖನದ ಮೊದಲಿಗೆ ಈ ವಚನ ಹಾಕೋದಂತೂ ಖಂಡಿತ. ತಲೆಬರಹಕ್ಕೆ ಮಾತ್ರ ಗಿಡ್ಡದೊಂದು ಬೇಕು.

ಹೀಗೆ ಹುಡುಕ್ತಾ ಹುಡುಕ್ತಾ ನನಗೆ ಸಿಕ್ಕಿದ್ದು 'ಪಹರೆ'. ಹಿಂದಿಯಲ್ಲಿ ಪಹರಾ, ಇಲ್ಲಿನ ಮರಾಠಿಯವರು ಪಹಾರಾ ಅಂತಾರೆ, ಕಾವಲಿನವನಿಗೆ ಪಹಾರೇಕರಿ. ಮೂಲ ಸಂಸ್ಕೃತದ ಪ್ರಹರ, ಅಂದ್ರೆ ಹಗಲು ರಾತ್ರಿ ಸೇರಿದ ದಿನದ ಎಂಟನೇ ಒಂದು ಭಾಗ, 3 ಗಂಟೆ. ಒಂದು ಪ್ರಹರದ ಹೊತ್ತು ಎಚ್ಚರ ಇದ್ದು ಕಾಯೋ ಸರದಿಯೇ ಪಹರೆ. ಇಂಗ್ಲಿಷಿನ ವಾಚ್ ಕೂಡ ಹೀಗೇ ನಡೆದು ಬಂದದ್ದು, ಮೊದಲು ಎಚ್ಚರ ಇರೋದು, ಆಮೇಲೆ ರಾತ್ರಿ ಕಾವಲಿನ ಸರದಿ, ಆಮೇಲೆ ಕೈಗಡಿಯಾರ. ಸಂಸ್ಕೃತದಲ್ಲಿ ರಾತ್ರಿ ಕಾಯೋನಿಗೆ ಯಾಮಿಕ ಅಂತ ಇದೆ, ಯಾಮ ಅಂದ್ರೆ ನಮ್ಮ ಜಾವ, ಅಲ್ಲೂ ಹೊತ್ತು ಮತ್ತು ಕಾವಲು ಒಟ್ಟಿಗೇ.

ಇದು ನನಗೆ ಯಾಕೆ ಮುಖ್ಯ ಅಂದ್ರೆ ಆ ಕಾಮಿಕ್ಸ್ ತುಂಬ ಗಡಿಯಾರವೇ ಇದೆ. ಪ್ರತಿ ಸಂಚಿಕೆ ಕೊನೆಗೂ ಒಂದು ಗಡಿಯಾರ, ಮುಳ್ಳು ರಾತ್ರಿ 12ಕ್ಕೆ ಹತ್ತಿರ ಹತ್ತಿರ ಬರ್ತಾ ಇರುತ್ತೆ. ಅತಿಮಾನುಷ ಶಕ್ತಿ ಬಂದು ಡಾಕ್ಟರ್ ಮ್ಯಾನ್‌ಹಟನ್ ಆದ ಜಾನ್‌ನ ಅಪ್ಪ ವಾಚ್ ರಿಪೇರಿಯವರು, ಮಗನಿಗೂ ಅದೇ ಕೆಲಸ ಕಲಿಸ್ತಾ ಇದ್ದೋರು, ಹಿರೋಶಿಮಾ ಸುದ್ದಿ ಪೇಪರಲ್ಲಿ ಓದಿ ಇನ್ನು ಇದಕ್ಕೆ ಕಾಲ ಇಲ್ಲ ಅಂತ ಹುಡುಗ ಬಿಚ್ಚಿಟ್ಟಿದ್ದ ಗಡಿಯಾರದ ಚಕ್ರಗಳನ್ನೆಲ್ಲ ಬಟ್ಟೆ ಸಮೇತ ಎತ್ತಿ ಕೆಳಗೆ ಬೀದಿಗೆ ಸುರಿದುಬಿಡ್ತಾರೆ. ಶುರುವಿನಲ್ಲೇ ಬರೋ ಹಳದಿ ನಗುಮುಖದ ಬಿಲ್ಲೆ ಇದೆಯಲ್ಲ, ಅದರ ಮೇಲೆ ಬಿದ್ದ ರಕ್ತದ ಹನಿಯೂ 12ಕ್ಕೆ ಐದು ನಿಮಿಷ ಇರೋ ಮುಳ್ಳಿನ ಹಾಗೆ ಓರೆಯಾಗಿ ಬಿದ್ದಿದೆ. ಕಾವಲು, ಕಾಲ ಎರಡನ್ನೂ ಒಂದೇ ಪದ ಹೊರಬೇಕು ಅಂದ್ರೆ ಕಾವಲುಗಾರನಿಂದ ಆಗಲ್ಲ, ಪಹರೆಯಿಂದ ಆಗುತ್ತೆ.

ಹಾಗಾಗಿ ತಲೆಬರಹ "ಪಹರೆಯವರಿಗೆ ಪಹರೆ ಯಾರು?" ಅಂತ ಇಡೋಣ ಅಂತಿದ್ದೀನಿ. ಪ್ರಶ್ನೆಯಾಗಿಯೇ ಇರ್ಬೇಕು ಅನ್ನೋದು ನನ್ನ ಹಟ.

ಸಿನಿಮಾದ ಕೊನೆಗೂ ಇದು ಕೂಡಿಬರುತ್ತೆ. ಅಮೆರಿಕ ರಷ್ಯ ನಡುವಿನ ಅಣುಯುದ್ಧ ತಪ್ಪಿಸೋಕೆ ಅಂತ, ಮುಖವಾಡದವರಲ್ಲೇ ಒಬ್ಬನಾಗಿದ್ದ ಓಜಿಮ್ಯಾಂಡಿಯಸ್ ಕಾಮಿಕ್ಸ್‌ನಲ್ಲಿ ಅನ್ಯಗ್ರಹದ್ದು ಅನ್ನಿಸೋ ರಾಕ್ಷಸ ಜೀವಿಯೊಂದನ್ನ ನ್ಯೂಯಾರ್ಕ್ ಮೇಲೆ ಬೀಳಿಸ್ತಾನೆ, ಸಿನಿಮಾದಲ್ಲಿ ಹಲವು ನಗರ ಸ್ಫೋಟಿಸಿ ತಪ್ಪನ್ನ ಡಾಕ್ಟರ್ ಮ್ಯಾನ್‌ಹಟನ್ ತಲೆಗೆ ಕಟ್ಟುತ್ತಾನೆ. ಮೂಲದ ಅಭಿಮಾನಿಗಳಿಗೆ ಇದು ಹಿಡಿಸಿಲ್ಲ, ಗಂಟೆಗಟ್ಟಲೆ ಜಗಳ ಕೇಳಿದ್ದೀನಿ. ನಾನಂತೂ ಇಲ್ಲಿ ಸಿನಿಮಾ ಕಡೆಗೆ. ಯಾರ ಬಲ ನಂಬಿ ಒಂದು ದೇಶ ನೆಮ್ಮದಿಯಾಗಿ ಮಲಗಿತ್ತೋ ಆ ಪಹರೆಯವನೇ ನಮ್ಮನ್ನ ಸುಟ್ಟ ಅಂತ ಜಗತ್ತು ನಂಬಿದಾಗ ಗೋಡೆ ಮೇಲಿನ ಪ್ರಶ್ನೆ ಅಮೆರಿಕಕ್ಕೂ ರಷ್ಯಕ್ಕೂ ಒಟ್ಟಿಗೇ ತಟ್ಟುತ್ತೆ, ಹೊರಗಿಂದ ಬಂದ ಜೀವಿಯಲ್ಲಿ ಆ ಏಟು ಇಲ್ಲ.

ಎರಡನೇ ಪದ, ವಿಜಿಲಾಂಟಿ, ಅಂದ್ರೆ ಅಧಿಕಾರ ಇಲ್ಲದೆ ತಾನೇ ನ್ಯಾಯ ಕೊಡೋಕೆ ಹೊರಟವನು. ಕಥೆಯಲ್ಲಿ 1977ರ ಕೀನ್ ಕಾಯ್ದೆ ಬಂದು ಮುಖವಾಡದವರಿಗೆಲ್ಲ ನಿಷೇಧ ಆಗುತ್ತೆ, ಸರ್ಕಾರದ ಕೆಲಸಕ್ಕಿದ್ದವರಿಗೆ ಮಾತ್ರ ವಿನಾಯಿತಿ, ರೋರ್ಶಾಕ್ ಒಬ್ಬನೇ ಕಾನೂನಿಗೆ ಸೊಪ್ಪು ಹಾಕದೆ ಮುಂದುವರೀತಾನೆ. ಅವನನ್ನ ಏನಂತ ಕರೀಬೇಕು? 'ಕಾನೂನು ಕೈಗೆತ್ತಿಕೊಂಡವನು' ಸರಿಯಾಗಿದೆ, ಉದ್ದ. 'ಜಾಗೃತ ದಳ' ಅಂದ್ರೆ ಲಂಚಕೋರರನ್ನ ಹಿಡಿಯೋ ಇಲಾಖೆ ಆಗುತ್ತೆ. ಕರಾವಳಿ ಪೇಪರ್‌ಗಳ 'ನೈತಿಕ ಪೊಲೀಸ್‌ಗಿರಿ' ನೋಡಿ, ದಾದಾಗಿರಿ ಗೂಂಡಾಗಿರಿಯ ಆ 'ಗಿರಿ' ಸೇರಿದ ಕೂಡಲೇ ಅಧಿಕಾರ ಇಲ್ಲದವರ ದರ್ಪ ಅಂತ ತಾನಾಗಿ ಅರ್ಥ ಬಂತು, ಎಷ್ಟು ಜಾಣ ಪದ. ಅದೇ ದಾರಿಯಲ್ಲಿ 'ಪಹರೆಗಿರಿ' ಅಂದ್ರೆ ಹೇಗೆ? ಕೆಲಸಕ್ಕೆ ಹೆಸರು ಸಿಕ್ತು, ಮಾಡೋ ಮನುಷ್ಯನಿಗೆ ಇನ್ನೂ ಸಿಕ್ಕಿಲ್ಲ.

ಡಾರ್ಕ್ ಸಿನಿಮಾ ಅನ್ನೋದಕ್ಕೆ 'ಕರಾಳ' ಬಳಸ್ಬೇಡಿ ಅಂತಷ್ಟೇ ಕೇಳ್ಕೊಳ್ತೀನಿ, ಅದು ಪೇಪರಲ್ಲಿ ಕರಾಳ ದಿನಕ್ಕೆ ಮೀಸಲು. ನಾನು ಡಾರ್ಕ್ ಅಂತಲೇ ಬರ್ದಿದ್ದೀನಿ.

ನಿಮ್ಮಿಂದ ಬೇಕಾಗಿರೋದು ಇಷ್ಟು. ಪಹರೆ ಮೈಸೂರು ಕಡೆಯವರ ಕಿವಿಗೆ ಸಹಜವಾಗಿ ಬೀಳುತ್ತಾ, ಇಲ್ಲ ಬರೀ ಪೊಲೀಸು ಮಿಲಿಟರಿ ಸುದ್ದಿಯ ಪದ ಅನ್ನಿಸುತ್ತಾ? ನಾನು ಗದಗ ಕಡೆಯವಳು, ಮೂವತ್ತು ವರ್ಷದಿಂದ ಮರಾಠಿ ನಡುವೆ ಇರೋಳು, ನನ್ನ ಕಿವಿ ಒಂದನ್ನೇ ನಂಬೋಕಾಗಲ್ಲ. ಬಹುವಚನಕ್ಕೆ ಪಹರೆಯವರು, ಪಹರೆದಾರರು, ಪಹರೆಗಾರರು ಮೂರರಲ್ಲಿ ಯಾವುದು ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತೆ? ಹಳ್ಳಿ ಕಡೆ ರಾತ್ರಿ ಹೊಲ ಕಾಯೋ ಸರದಿಗೆ ಬೇರೆ ಯಾವುದಾದ್ರೂ ಮಾತು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ರೆ ಅದನ್ನೂ ದಯವಿಟ್ಟು ಬರೀರಿ, ಯಾವ ತಾಲೂಕು ಅಂತ ಹೇಳಿದ್ರೆ ಇನ್ನೂ ಉಪಕಾರ. ಅಕ್ಟೋಬರ್ ಮೊದಲ ವಾರ ಸಂಚಿಕೆ ಪ್ರೆಸ್ಸಿಗೆ ಹೋಗುತ್ತೆ, ಅಷ್ಟರೊಳಗೆ ಬಂದ ಸಲಹೆ ಎಲ್ಲ ಸೇರಿಸ್ಕೊಳ್ತೀನಿ.