ಐದು ಡಾಕ್ಟರು, ಒಂದು ಕವರು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 5ರಿಂದ 7ರವರೆಗೆ ಡಾಕ್ಟರ್ ಮೇಡಂ ನಮ್ಮ ಜೊತೆ ಇರುತ್ತಾರೆ. ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ 16 ವರ್ಷದಿಂದ ಫಿಸಿಷಿಯನ್. ಅಲ್ಲಿ ಒಬ್ಬ ರೋಗಿಯನ್ನು ಹಲವರು ಸೇರಿ ನೋಡುತ್ತಾರೆ. ಅದರ ಬಗ್ಗೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರೂಪಾ: ಮೇಡಂ, ಟ್ರಸ್ಟ್ ಆಸ್ಪತ್ರೆಗೆ ಹೋದರೆ ನಾಲ್ಕು ಜನ ಬಂದು ಅದದೇ ಪ್ರಶ್ನೆ ಕೇಳುತ್ತಾರೆ. ಒಬ್ಬರಿಗೆ ಹೇಳಿದರೆ ಸಾಲದಾ?

ಡಾಕ್ಟರ್: ಬೇಜಾರಾಗುತ್ತೆ, ನಿಜ. ಆದರೆ ಜನ ಒಬ್ಬೊಬ್ಬರ ಹತ್ತಿರ ಒಂದೊಂದು ಹೇಳುತ್ತಾರೆ. ನನ್ನ ಮುಂದೆ 'ಒಂದು ಮಾತ್ರೆನೂ ತಪ್ಪಿಸಿಲ್ಲ' ಅಂದವರು, ನರ್ಸ್ ಹತ್ತಿರ 'ದುಡ್ಡಿಲ್ಲದ ತಿಂಗಳು ದಿನ ಬಿಟ್ಟು ದಿನ ನುಂಗ್ತೀನಿ' ಅಂತಾರೆ. ಎರಡೂ ಒಂದೇ ಫೈಲಿಗೆ ಬಂದರೆ ತಾನೇ ನಮಗೆ ಗೊತ್ತಾಗೋದು?

ನಾಗರಾಜ: ಟ್ರಸ್ಟ್ ಆಸ್ಪತ್ರೆಲಿ ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಡಾಕ್ಟರ್: ಆ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿಸಿದ್ದರೆ ನಡೆಯುತ್ತೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಮಿತಿ 1.5 ಲಕ್ಷ. ಸುಮ್ನೆ ಒಪಿಡಿಗೆ ತೋರಿಸಿಕೊಂಡು ಹೋಗೋದಕ್ಕೆ ಬರಲ್ಲ.

ಸವಿತಾ: ನಮಸ್ತೆ ಮೇಡಂ. ಸಾಗರದ ಹತ್ತಿರ ನಮ್ಮೂರು. ಅಪ್ಪಯ್ಯನಿಗೆ 68. ಸಕ್ಕರೆ ಕಾಯಿಲೆ 20 ವರ್ಷದಿಂದ. ಬಲ ಅಂಗಾಲಲ್ಲಿ, ಹೆಬ್ಬೆರಳಿನ ಬುಡದಲ್ಲಿ ಗಾಯವಾಗಿ ಎರಡು ತಿಂಗಳು. ನೋವಿಲ್ಲ ಅಂತ ದಿನಾ ತೋಟಕ್ಕೆ ಹೋಗ್ತಾರೆ. ಊರಿನ ಡಾಕ್ಟರು ಡ್ರೆಸ್ಸಿಂಗ್ ಮಾಡ್ತಾರೆ. ಶಿವಮೊಗ್ಗದಲ್ಲಿ ಶುಗರಿಗೆ ಒಬ್ಬರು, ಕಿಡ್ನಿಗೆ ಒಬ್ಬರು, ಮಂಡಿಗೆ ಒಬ್ಬರು, ಕಣ್ಣಿಗೆ ಒಬ್ಬರು. ಇನ್ಸುಲಿನ್ ಬೆಳಿಗ್ಗೆ 20 ಇದ್ದದ್ದು 28 ಮಾಡಿದರು, ಈಗ 36. ಆದರೂ ಶುಗರ್ 300ರ ಕೆಳಗೆ ಇಳಿಯಲ್ಲ. ಎಲ್ಲರ ಚೀಟಿಯೂ ಒಂದು ಜವಳಿ ಅಂಗಡಿ ಕವರಲ್ಲಿದೆ. ಯಾರನ್ನ ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ.

ಮಂಜುನಾಥ: ಅಕ್ಕ, ಬಿಸಿನೀರಿಗೆ ಬೇವಿನ ಸೊಪ್ಪು, ಕಲ್ಲುಪ್ಪು ಹಾಕಿ ಅರ್ಧ ಗಂಟೆ ಕಾಲು ಅದ್ದಿಡಿ. ಆಮೇಲೆ ಅರಿಶಿನ ಮೆತ್ತಿ. 11 ದಿನದಲ್ಲಿ ಗಾಯ ಮಾಯ. ಶೇ. 100 ಗ್ಯಾರಂಟಿ. 🙏 ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಮಾಡಬೇಡಿ. ನೋವಿಲ್ಲದ ಗಾಯ ಅಂದರೆ ಕಾಲಿನ ನರ ಸತ್ತಿದೆ ಅಂತ. ನೀರು ಎಷ್ಟು ಬಿಸಿ ಅಂತ ಆ ಕಾಲಿಗೆ ಗೊತ್ತಾಗಲ್ಲ. ಬಕೆಟ್ಟಿನಿಂದ ತೆಗೆದಾಗ ಚರ್ಮ ಸುಲಿದು ಬಂದ ಕಾಲುಗಳನ್ನು ನಾನು ನೋಡಿದ್ದೇನೆ. ಫಾರ್ವರ್ಡ್ ಕಳಿಸಿದವರು ಯಾರೂ ಆಸ್ಪತ್ರೆ ತನಕ ಬರಲ್ಲ.

ಸವಿತಾ, ನಾಲ್ಕು ಪ್ರಶ್ನೆ. ವಾಸನೆ, ಜ್ವರ, ಬೆರಳು ಕಪ್ಪಾಗಿರೋದು ಇದೆಯಾ? ಮಂಡಿಗೆ ಕೊಟ್ಟ ಮಾತ್ರೆ ಯಾವುದು? ಇನ್ಸುಲಿನ್ ಬಾಟಲಿ ಮೇಲೆ 40 ಅಂತ ಇದೆಯಾ, 100 ಅಂತಾನಾ? ಸಿರಿಂಜಿನ ಮುಚ್ಚಳ ಯಾವ ಬಣ್ಣ?

ಪ್ರಭಾಕರ: ನನಗೆ ಕ್ರಿಯಾಟಿನಿನ್ 1.4 ಇದೆ. ರಾಗಿಮುದ್ದೆ ತಿನ್ನಬಹುದಾ ಮೇಡಂ?

ಗಿರೀಶ (ರಾಚೆಸ್ಟರ್, ಮಿನ್ನೆಸೋಟ): ಈ ವಿಷಯಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ಮೇಯೊ ಕ್ಲಿನಿಕ್ ಅಂತ, ಲಾಭ ಇಲ್ಲದ ಸಂಸ್ಥೆ ನಡೆಸೋ ದೊಡ್ಡ ಆಸ್ಪತ್ರೆ. ಮೊದಲು ಅಲ್ಲೂ ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಲೆಡ್ಜರ್ ಇತ್ತು. 1907ರಲ್ಲಿ ಹೆನ್ರಿ ಪ್ಲಮ್ಮರ್ ಅನ್ನುವ ಡಾಕ್ಟರು ರೋಗಿಗೊಂದು ನಂಬರು, ನಂಬರಿಗೊಂದು ಫೈಲು ಅಂತ ಶುರು ಮಾಡಿದರು. ಯಾವ ಡಾಕ್ಟರು ನೋಡಿದರೂ ಅದೇ ಫೈಲಲ್ಲಿ ಬರೀಬೇಕು. ಡಾಕ್ಟರುಗಳಿಗೆ ಸಂಬಳ. ಟೆಸ್ಟ್ ಜಾಸ್ತಿ ಬರೆದರೆ ಜಾಸ್ತಿ ದುಡ್ಡು ಅನ್ನೋದು ಇಲ್ಲ.

ಮಂಜುನಾಥ: ಅಮೆರಿಕದ ಕಥೆ ಇಲ್ಲಿ ಯಾಕೆ? ಅಲ್ಲಿ ಬಿಲ್ ನೋಡಿದರೆ ಇದ್ದ ಕಾಯಿಲೆ ಜೊತೆ ಹಾರ್ಟ್ ಅಟ್ಯಾಕೂ ಆಗುತ್ತೆ. ಲಾಭ ಇಲ್ಲದ ಸಂಸ್ಥೆ ಅಂತೆ!

ಗಿರೀಶ: ಲಾಭ ಹಂಚಿಕೊಳ್ಳೋ ಮಾಲೀಕರಿಲ್ಲ ಅಂತ ಅರ್ಥ, ಬಿಟ್ಟಿ ಅಂತಲ್ಲ. ಬಿಲ್ ಕಮ್ಮಿ ಅಂತ ನಾನು ಹೇಳಿದೆನಾ?

ಸವಿತಾ: ಮೇಡಂ, ಸ್ವಲ್ಪ ವಾಸನೆ ಇದೆ. ಜ್ವರ ಇಲ್ಲ, ಕಪ್ಪಾಗಿಲ್ಲ. ಮಂಡಿಗೆ ಡೈಕ್ಲೋಫೆನಾಕ್, ದಿನಕ್ಕೆ ಎರಡು. ಬಾಟಲಿ ಮೇಲೆ 40 ಅಂತಿದೆ. ಸಿರಿಂಜಿನ ಮುಚ್ಚಳ ಆರೆಂಜ್. ಮುಂಚೆ ಕೆಂಪು ಇತ್ತು. ದೀಪಾವಳಿ ಹೊತ್ತಿಗೆ ಮೆಡಿಕಲ್‌ನವರು ಕೆಂಪು ಸ್ಟಾಕಿಲ್ಲ ಅಂತ ಇದನ್ನ ಕೊಟ್ಟರು.

ಡಾಕ್ಟರ್: ನನಗೆ ಇದೇ ಅನುಮಾನ ಇತ್ತು. ನಿಧಾನವಾಗಿ ಓದಿ.

ಬಾಟಲಿ ಮೇಲೆ 40 ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇನ್ಸುಲಿನ್, 100 ಅಂದರೆ 100 ಯೂನಿಟ್. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್. ಆರೆಂಜ್ ಇರೋದು 100ರ ಇನ್ಸುಲಿನ್‌ಗೆ. ಆರೆಂಜಿನಲ್ಲಿ 36ರ ಗೆರೆವರೆಗೆ ಎಳೆದರೆ 0.36 ಎಂಎಲ್ ಬರುತ್ತೆ. 40ರ ಬಾಟಲಿಯಿಂದ ಅಷ್ಟು ಎಳೆದರೆ ಅದರಲ್ಲಿರೋದು 14 ಯೂನಿಟ್ ಚಿಲ್ಲರೆ. ಅಪ್ಪಯ್ಯ ತಗೊಳ್ತಿರೋದು 14, ಚೀಟಿಯಲ್ಲಿರೋದು 36. ಡೋಸ್ ಸಾಲಲ್ಲ ಅಂತ ಡಾಕ್ಟರು ಏರಿಸುತ್ತಾ ಹೋಗಿದ್ದಾರೆ. ಅವರ ಲೆಕ್ಕ ಚೀಟಿಯದು.

ಈಗ ಮುಖ್ಯವಾದದ್ದು. ನಾಳೆ ಕೆಂಪು ಸಿರಿಂಜ್ ತಂದು 36 ಹಾಕಬೇಡಿ. ಒಂದೇ ಏಟಿಗೆ ಎರಡೂವರೆ ಪಟ್ಟು ಆಗುತ್ತೆ. ಕಿಡ್ನಿ ಬೇರೆ ಸೋತಿದೆ, ಇನ್ಸುಲಿನ್ ಬೇಗ ಮೈಯಿಂದ ಹೋಗಲ್ಲ. ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಶುಗರ್ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಸಿರಿಂಜ್ ವಿಷಯ ಹೇಳಿ, ಹೊಸ ಡೋಸ್ ಅವರ ಬಾಯಿಂದಲೇ ಬರಲಿ. ಬೆವರು, ನಡುಕ, ತಬ್ಬಿಬ್ಬು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಡೈಕ್ಲೋಫೆನಾಕ್ ಇವತ್ತಿನಿಂದ ಬೇಡ. ಸೋತ ಕಿಡ್ನಿಗೆ ಆ ಮಾತ್ರೆ ಆಗಲ್ಲ. ಮಂಡಿ ಡಾಕ್ಟರಿಗೆ ಕಿಡ್ನಿ ರಿಪೋರ್ಟ್ ತೋರಿಸಿರಲ್ಲ ನೀವು. ಬಯ್ಯುತ್ತಿಲ್ಲ. ಎಲ್ಲರೂ ಹಾಗೇ ಮಾಡ್ತಾರೆ.

ಸಿರಿಂಜ್ ವಿಷಯ ನನಗೆ ಕಲಿಸಿದ್ದು ನಮ್ಮ ವಾರ್ಡಿನ ನರ್ಸ್. ಒಬ್ಬರು ಅಜ್ಜನಿಗೆ ನಾವು ಮೂರು ಡಾಕ್ಟರು ಸೇರಿ ಡೋಸ್ ಏರಿಸುತ್ತಲೇ ಇದ್ದೆವು. ಆಕೆ ಮಂಚದ ಪಕ್ಕ ಕೂತು, 'ಅಜ್ಜಾ, ಮನೇಲಿ ಹೇಗೆ ಚುಚ್ಕೊಳ್ತೀರಿ, ನಂಗೆ ತೋರಿಸಿ' ಅಂದಳು. ಅಜ್ಜ ಅಂಗಿ ಜೇಬಿನಿಂದ ಆರೆಂಜ್ ಮುಚ್ಚಳದ್ದು ತೆಗೆದರು. ಆಮೇಲಿಂದ ನಮ್ಮಲ್ಲಿ ರೌಂಡ್ಸ್‌ನಲ್ಲಿ ಮೊದಲು ಮಾತಾಡೋದು ನರ್ಸ್, ಆಮೇಲೆ ನಾವು.

ಇನ್ನು ಕಾಲು. ನಾಳೆನೇ ತೋರಿಸಿ, ಮುಂದಿನ ವಾರ ಅಲ್ಲ. ಗಾಯದೊಳಗೆ ಸಣ್ಣ ಕಡ್ಡಿ ಇಳಿಸಿ ಮೂಳೆ ತಗಲುತ್ತಾ ನೋಡಬೇಕು, ಎಕ್ಸ್‌ರೇ ತೆಗೀಬೇಕು, ರಕ್ತ ಹರಿಯುತ್ತಾ ಅಂತ ಡಾಪ್ಲರ್ ಮಾಡಬೇಕು. ಸರ್ಜನ್ ಸತ್ತ ಮಾಂಸ ತೆಗೀತಾರೆ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಪಟ್ಟಿಯೋ ಎಂಸಿಆರ್ ಚಪ್ಪಲಿಯೋ (ಮೆತ್ತನೆ ರಬ್ಬರಿನದು) ಬೇಕು. ಚಪ್ಪಲಿ ಮಾಡುವವರೂ ನಮ್ಮ ತಂಡದವರೇ. ದಿನಾ ಡ್ರೆಸ್ಸಿಂಗ್ ಮಾಡಿ ಅದೇ ಕಾಲಲ್ಲಿ ತೋಟ ಸುತ್ತಿದರೆ ಗಾಯ ಮಾಯೋದು ಎಲ್ಲಿಂದ? ಜ್ವರ ಬಂದರೆ, ಪಾದ ಊದಿದರೆ, ಬೆರಳು ಕಪ್ಪಾದರೆ ಬೆಳಗಾಗೋದು ಕಾಯಬೇಡಿ, ರಾತ್ರಿಯೇ ಹೊರಡಿ.

ಮಂಜುನಾಥ: ಅರಿಶಿನ ನಮ್ಮ ಅಜ್ಜಿ ಕಾಲದಿಂದ ಇದೆ. ನಿಮಗೆ ಎಲ್ಲಾ ಆಪರೇಷನ್ನೇ ಬೇಕು. ಐದು ಜನ ನೋಡಿದರೆ ಐದು ಫೀಸು, ಅದೇ ತಂಡ!

ಡಾಕ್ಟರ್: ಅರಿಶಿನ ಸಾರಿಗೆ ಹಾಕಿ. ನನಗೆ ಸಂಬಳ ಬರುತ್ತೆ, ಕಾಲು ಕತ್ತರಿಸಿದ್ದಕ್ಕೆ ಬೋನಸ್ ಬರಲ್ಲ.

ಗಿರೀಶ: ಮೇಯೊದಲ್ಲೂ ಇದೇ...

ರೂಪಾ: ಗಿರೀಶಣ್ಣ, ಸಾಕು. ಇಲ್ಲಿ ಒಬ್ಬರ ಅಪ್ಪನ ಕಾಲಿನ ಮಾತು ನಡೀತಿದೆ.

ಮಂಜುನಾಥ: ನಾನೂ ಅದನ್ನೇ ಹೇಳ್ತಿರೋದು. ಹಿಂದೆ ನಮ್ಮ ಮಾವನನ್ನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ವಿ. ದಿನಾ ಬೇರೆ ಬೇರೆ ಡಾಕ್ಟರು. ಡಿಸ್ಚಾರ್ಜ್ ಯಾವಾಗ ಅಂತ ಒಬ್ಬರೂ ಹೇಳಲಿಲ್ಲ. ತಂಡ ಅಂದರೆ ಹೊಣೆ ಯಾರದೂ ಅಲ್ಲ ಅಂತ.

ಡಾಕ್ಟರ್: ಇದು ಸರಿಯಾದ ದೂರು. ಹೊಣೆ ಒಬ್ಬರದೇ ಇರಬೇಕು. ನಮ್ಮಲ್ಲಿ ಫೈಲಿನ ಮೊದಲ ಪುಟದಲ್ಲಿ ಒಬ್ಬ ಡಾಕ್ಟರ ಹೆಸರಿರುತ್ತೆ. ಉಳಿದವರು ಸಲಹೆ ಬರೀತಾರೆ, ಮನೆಯವರಿಗೆ ಹೇಳೋದು ಅವರೊಬ್ಬರೇ. ಎಲ್ಲೇ ಸೇರಿಸಿದರೂ ಮೊದಲ ದಿನವೇ ಕೇಳಿ: 'ಇವರ ಮುಖ್ಯ ಡಾಕ್ಟರು ಯಾರು?' ಉತ್ತರ ಬರಲಿಲ್ಲ ಅಂದರೆ ಅಲ್ಲಿ ತಂಡ ಇಲ್ಲ, ಜಾತ್ರೆ ಇದೆ.

ಶೈಲಜಾ: ಆಯುಷ್ಮಾನ್ ಕಾರ್ಡ್ ನಡೆಯುತ್ತಾ ಮೇಡಂ?

ಡಾಕ್ಟರ್: ಮೇಲೆ ಇದೆ.

ಬಸವರಾಜ: ಹಾಗಲಕಾಯಿ ಜ್ಯೂಸ್ ಕುಡಿದರೆ ಇನ್ಸುಲಿನ್ ಬಿಡಬಹುದಂತೆ, ನಿಜವಾ?

ಡಾಕ್ಟರ್: ಇಲ್ಲ.

ಬಸವರಾಜ: ವಿಡಿಯೋದಲ್ಲಿ ಒಬ್ಬರು...

ಡಾಕ್ಟರ್: ಇಲ್ಲ ಅಂದೆನಲ್ಲ.

ಅಡ್ಮಿನ್: ಬಸವರಾಜಣ್ಣ, ವಿಡಿಯೋ ತೆಗೆದು ಹಾಕಿದ್ದೇನೆ. ಇನ್ನೊಮ್ಮೆ ಹಾಕಿದರೆ ನಿಮ್ಮನ್ನೂ ತೆಗೀಬೇಕಾಗುತ್ತೆ.

ಸವಿತಾ: ಮೇಡಂ, ಫೋನ್ ಸಿಕ್ಕಿತು. ಆರೆಂಜ್ ಸಿರಿಂಜ್ ಅಂದ ಕೂಡಲೇ ಅವರೂ ಒಂದು ನಿಮಿಷ ಸುಮ್ಮನಾದರು. ಕೆಂಪು ಸಿರಿಂಜಿನಲ್ಲಿ 18ರಿಂದ ಶುರು ಮಾಡಿ, ದಿನಕ್ಕೆ ನಾಲ್ಕು ಸಲ ಚೆಕ್ ಮಾಡಿ ಕಳಿಸಿ ಅಂದರು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗ. ಅಪ್ಪಯ್ಯ ಮಾತ್ರ 'ಅಡಿಕೆ ಕೊಯ್ಲು ಮುಗೀಲಿ' ಅಂತ ಹಟ ಹಿಡಿದು ಕೂತಿದ್ದಾರೆ.

ಡಾಕ್ಟರ್: ಫೋನ್ ಅವರ ಕೈಗೆ ಕೊಡಿ. ನಿಮ್ಮ ನಂಬರ್ ನನಗೆ ಪ್ರತ್ಯೇಕ ಮೆಸೇಜ್ ಮಾಡಿ, ಈಗಲೇ ಮಾಡ್ತೀನಿ. ಮತ್ತೆ ಆ ಕವರು ಹಾಗೇ ತಗೊಂಡು ಹೋಗಿ. ಬೇಡದ ಚೀಟಿ ಅಂತ ಒಂದನ್ನೂ ಮನೆಯಲ್ಲಿ ಬಿಡಬೇಡಿ.

ಅಡ್ಮಿನ್: 7 ಗಂಟೆ ಆಯಿತು. ಮೇಡಂ ಫೋನಿನಲ್ಲಿದ್ದಾರೆ. ಪ್ರಶ್ನೋತ್ತರ ಇಲ್ಲಿಗೆ ನಿಲ್ಲಿಸುತ್ತೇವೆ.

ಪ್ರಭಾಕರ: ರಾಗಿಮುದ್ದೆ ಕೇಳಿದ್ದೆ...